ಕಾಣದ ರೆಕ್ಕೆಯ ತುದಿ

'ನಂಗೆ ಕಾಣ್ಲಿಲ್ಲ' ಅನ್ನುವ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆ! ಸಂತೆಯಲ್ಲಿ ಕಾಲು ತುಳಿದವನು ಅಂತಾನೆ. ಪಕ್ಕದವನ ಬದುವಿನ ಮೇಲೆ ಟ್ರ್ಯಾಕ್ಟರ್ ಹತ್ತಿಸಿದವನು ಅಂತಾನೆ. ಬೀದಿಯಲ್ಲಿ ಒಣಗಲು ಹಾಕಿದ ರಾಗಿಯ ಮೇಲೆ ಗಾಡಿ ಓಡಿಸಿದವನೂ ಅದನ್ನೇ ಅಂತಾನೆ. ನಾವೂ ಹೆಚ್ಚು ಎಳೆಯದೆ ಬಿಟ್ಟುಬಿಡ್ತೇವೆ. ಕಾಣದೆ ಮಾಡಿದ್ದಕ್ಕೆ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ, ಕೆಟ್ಟ ಮನಸ್ಸಿಲ್ಲದ ಮೇಲೆ ತಪ್ಪೆಲ್ಲಿ ಬಂತು ಅಂತ ನಮ್ಮ ಲೆಕ್ಕ. ಊರ ಪಂಚಾಯ್ತಿಯಲ್ಲಿ ಕೂತ ಹಿರಿಯರೂ ಈ ಮಾತಿಗೆ ಒಂದಿಷ್ಟು ತಗ್ಗುತ್ತಾರೆ.

ಈ ಮಾತು ಎಲ್ಲರಿಗೂ ಒಂದೇ ಥರ ಸಲ್ಲುತ್ತದೆಯೇ ಅನ್ನುವುದು ನನ್ನ ಪ್ರಶ್ನೆ. ಸೈಕಲ್ಲಿನವನು ಹೇಳಿದಾಗ ಒಪ್ಪುವ ಮಾತನ್ನು ನಲವತ್ತು ಅಡಿ ಟ್ರೈಲರ್ ಓಡಿಸುವವನು ಹೇಳಿದರೂ ಒಪ್ಪಬೇಕೇ? ಇದನ್ನು ಬರೀ ಮಾತಿನಲ್ಲಿ ಯೋಚಿಸಿದರೆ ಕೈಗೆ ಸಿಗುವುದಿಲ್ಲ. ಕಣ್ಣಿಗೆ ಕಾಣುವ ಒಂದು ವಸ್ತು ಬೇಕು. ನಮ್ಮ ಸೀಮೆಯಲ್ಲಿ ಅಂಥದ್ದೊಂದು ಇದೆ, ನೆಲದ ಮೇಲೆ ನಡೆಯುವ ವಿಮಾನ.

ಹೊಸೂರಿನಿಂದ ತಳಿ ರಸ್ತೆ ಹಿಡಿದು ಬಂದರೆ ಬೆಳಗೊಂಡಪಲ್ಲಿ ಸಿಗುತ್ತದೆ. ಅಲ್ಲಿ ತನೇಜಾ ಏರೋಸ್ಪೇಸ್ ಕಂಪನಿಯ ಖಾಸಗಿ ಓಡುದಾರಿ ಇದೆ, ಏಳು ಸಾವಿರ ಅಡಿಯಷ್ಟು ಉದ್ದ. 1990ರ ದಶಕದಲ್ಲಿ ಇಟಲಿಯ ಪಾರ್ಟೆನಾವಿಯಾ ಅನ್ನುವ ಸಣ್ಣ ವಿಮಾನವನ್ನು ಪರವಾನಗಿ ಪಡೆದು ಇಲ್ಲಿ ತಯಾರಿಸುತ್ತಿದ್ದರು. ಆಮೇಲೆ ದೊಡ್ಡ ವಿಮಾನಗಳ ರಿಪೇರಿಯ ಕೆಲಸವೂ ಬಂತು. ಏರ್‌ಬಸ್ 320, ಬೋಯಿಂಗ್ 737ರಂಥವು ಇಲ್ಲಿಗೆ ಬಂದು ವಾರಗಟ್ಟಲೆ ನಿಂತು, ಮೈ ಬಿಚ್ಚಿಸಿಕೊಂಡು, ಮತ್ತೆ ಜೋಡಿಸಿಕೊಂಡು ಹೋಗುತ್ತವೆ. ನೌಕಾಪಡೆಯ ಪಿ-8ಐ ವಿಮಾನಗಳೂ ಬಂದಿವೆ. ಅವೂ 737ರ ಮೈಕಟ್ಟಿನವೇ. ಪ್ರಯಾಣಿಕರು ಇಲ್ಲಿ ಹತ್ತುವುದಿಲ್ಲ, ಇಳಿಯುವುದಿಲ್ಲ. ಆದರೂ ಸುತ್ತಿನ ಹಳ್ಳಿಯವರಿಗೆ ಅದು 'ಏರ್‌ಪೋರ್ಟು'. ಒಂದು ದೊಡ್ಡದು ಇಳಿಯಿತು ಅಂದ್ರೆ ರಾಗಿ ಕಳೆ ಕೀಳುತ್ತಿದ್ದವರೂ ಸೊಂಟ ನೆಟ್ಟಗೆ ಮಾಡಿ ನೋಡ್ತಾರೆ.

ಎಲ್ಲರೂ ನೋಡುವುದು ಅದು ಇಳಿಯುವುದನ್ನ, ಏರುವುದನ್ನ. ನನಗೆ ಕುತೂಹಲ ಅದು ನಡೆಯುವುದರ ಮೇಲೆ. ಓಡುದಾರಿಯಿಂದ ನಿಲ್ಲುವ ಜಾಗದ ತನಕ ವಿಮಾನ ತನ್ನ ಇಂಜಿನ್ನಿನ ಬಲದಲ್ಲೇ ಮೆಲ್ಲಗೆ ಉರುಳಿಕೊಂಡು ಹೋಗುತ್ತದಲ್ಲ, ಅದಕ್ಕೆ ಟ್ಯಾಕ್ಸಿ ಮಾಡೋದು ಅಂತಾರೆ. ಆಕಾಶದಲ್ಲಿ ಗಂಟೆಗೆ ಎಂಟುನೂರು ಕಿಲೋಮೀಟರ್ ಹೋಗುವ ಯಂತ್ರ ಇಕ್ಕಟ್ಟಿನ ಜಾಗದಲ್ಲಿ ಬಿರುಸಾಗಿ ನಡೆಯುವ ಮನುಷ್ಯನ ವೇಗಕ್ಕೆ ಇಳಿಯಬೇಕು. ಹಾರುವುದಕ್ಕೆ ಹುಟ್ಟಿದ ಮೈಗೆ ನಡಿಗೆ ಒಗ್ಗುವುದಿಲ್ಲ. ಬಾವಲಿಯನ್ನು ನೆಲದ ಮೇಲೆ ಬಿಟ್ಟು ನೋಡಿ, ಗೊತ್ತಾಗ್ತದೆ.

ಇದರಲ್ಲಿ ಒಂದು ಸಂಗತಿ ತಿಳಿದಾಗ ನಾನು ಬೆರಗಾದೆ. ದೊಡ್ಡ ವಿಮಾನದ ಪೈಲಟ್‌ಗೆ ತನ್ನ ರೆಕ್ಕೆಯ ತುದಿ ಕಾಣುವುದಿಲ್ಲ. ಬೋಯಿಂಗ್ 747ರಲ್ಲಿ ಅವನು ಮೂರು ಅಂತಸ್ತಿನ ಮನೆಯ ಎತ್ತರದಲ್ಲಿ, ಮೂಗಿನ ತುದಿಯಲ್ಲಿ ಕೂತಿರುತ್ತಾನೆ. ರೆಕ್ಕೆ ಬೆನ್ನ ಹಿಂದೆ, ಒಂದೊಂದು ಬದಿಗೂ ನೂರಡಿಗಿಂತ ದೂರಕ್ಕೆ ಚಾಚಿಕೊಂಡಿರುತ್ತದೆ. ಚಕ್ರಗಳೂ ಅವನ ಹಿಂದೆಯೇ. ಬೋಯಿಂಗ್ 777-300ರಲ್ಲಿ ಮುಂದಿನ ಚಕ್ರದಿಂದ ಮುಖ್ಯ ಚಕ್ರಕ್ಕೆ 31 ಮೀಟರ್. ತಿರುವಿನಲ್ಲಿ ಟ್ರೈಲರ್ ಲಾರಿಯ ಹಿಂದಿನ ಗಾಲಿ ಒಳಬದಿಗೆ ಕೊಯ್ಯುವುದನ್ನು ನೀವು ನೋಡಿದ್ದೀರಿ, ಇಲ್ಲೂ ಹಾಗೇ. ಅದಕ್ಕೇ ಪೈಲಟ್ ತಾನು ಕೂತ ಜಾಗ ದಾರಿಯ ಅಂಚನ್ನು ದಾಟಿ ಹುಲ್ಲಿನ ಮೇಲೆ ಹೋಗುವ ತನಕ ನೇರವಾಗಿ ಸಾಗಿ, ಆಮೇಲೆ ತಿರುಗಿಸಬೇಕು. ಕಣ್ಣು 'ದಾರಿ ಮುಗೀತು' ಅಂತಿರುವಾಗ ಲೆಕ್ಕ 'ಇನ್ನೂ ಇದೆ' ಅನ್ನುತ್ತದೆ, ಅವನು ಲೆಕ್ಕವನ್ನೇ ನಂಬಬೇಕು.

ದೊಡ್ಡ ನಿಲ್ದಾಣದಲ್ಲಿ ಇದಕ್ಕೆಲ್ಲ ಜಾಗ ಬಿಟ್ಟಿರುತ್ತಾರೆ. ಲೋಕದ ವಿಮಾನ ನಿಲ್ದಾಣಗಳಿಗೆಲ್ಲ ಅಕ್ಷರದ ಗುರುತುಗಳಿವೆ. ರೆಕ್ಕೆಯ ಅಗಲ 24 ಮೀಟರ್‌ನಿಂದ 36ರ ಒಳಗಿದ್ದರೆ ಸಿ, 52ರಿಂದ 65ರ ಒಳಗಿದ್ದರೆ ಇ, 65ರಿಂದ 80ರ ಒಳಗಾದರೆ ಎಫ್. ಸಿ ದರ್ಜೆಯ ವಿಮಾನ ನಡೆಯುವ ದಾರಿ 15 ಮೀಟರ್ ಅಗಲ ಇದ್ದರೂ ಸಾಕು, ಅದಕ್ಕಿಂತ ದೊಡ್ಡವಕ್ಕೆ 23 ಬೇಕು. ಸಣ್ಣ ನಿಲ್ದಾಣದಲ್ಲಿ ತಿರುವು ಬಿಗಿ, ಚರಂಡಿ ಹತ್ತಿರ, ದೀಪದ ಕಂಬ ಹತ್ತಿರ. ನೆಲದ ಗಟ್ಟಿತನವೂ ಅಷ್ಟಕ್ಕಷ್ಟೇ. 78 ಟನ್ನಿನ 320ಕ್ಕೆ ಹಾಸಿದ ಟಾರಿನ ಮೇಲೆ ನಾನೂರು ಟನ್ನಿನ 747 ನಿಂತರೆ ಟಾರು ಏನಾಗಬೇಕು? ಇಂಜಿನ್ನಿನ ಬಿಸಿಗಾಳಿ ಹಿಂದಿನ ಜಲ್ಲಿಕಲ್ಲನ್ನು ಗುಂಡಿನಂತೆ ಎಸೆಯುತ್ತದೆ. ಎಷ್ಟೋ ಸಣ್ಣ ನಿಲ್ದಾಣಗಳಲ್ಲಿ ಓಡುದಾರಿಯ ಪಕ್ಕದಲ್ಲಿ ಬೇರೆ ನಡೆದಾರಿಯೇ ಇರುವುದಿಲ್ಲ. ಹಾರಲು ಹೋಗುವ ವಿಮಾನ ಓಡುದಾರಿಯ ಮೇಲೆಯೇ ಹಿಂದಕ್ಕೆ ನಡೆದು, ಕೊನೆಯಲ್ಲಿ ತಿರುಗಿಕೊಳ್ಳಬೇಕು.

2022ರ ಜುಲೈ 28ರಂದು ಅಸ್ಸಾಮಿನ ಜೋರ್ಹಾಟ್‌ನಲ್ಲಿ ಕೋಲ್ಕತ್ತಕ್ಕೆ ಹೊರಟ ಇಂಡಿಗೋ ವಿಮಾನದ ಚಕ್ರ ಹೀಗೇ ನಡೆಯುವಾಗ ದಾರಿ ಬಿಟ್ಟು ಕೆಸರಿಗೆ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಪ್ರಯಾಣ ರದ್ದಾಯಿತು. 2017ರ ಸೆಪ್ಟೆಂಬರ್ 5ರ ನಸುಕಿನಲ್ಲಿ ಕೊಚ್ಚಿಯಲ್ಲಿ ಅಬುಧಾಬಿಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಸುರಿಯುವ ಮಳೆಯಲ್ಲಿ ಕ್ಷೇಮವಾಗಿ ಇಳಿದು, ನಿಲ್ಲುವ ಜಾಗಕ್ಕೆ ತಿರುಗುವಾಗ ಮಳೆನೀರಿನ ಚರಂಡಿಗೆ ಬಿತ್ತು. ಸಾವಿರಾರು ಮೈಲಿ ಹಾರಿ ಬಂದು ಚರಂಡಿಗೆ ಬೀಳುವುದು ಕೇಳೋಕೆ ತಮಾಷೆ. ನಡಿಗೆಯ ಅಪಾಯ ನಮಗೆ ತಮಾಷೆಯಾಗಿ ಕಾಣುವುದರಿಂದಲೇ ಅದು ಅಪಾಯ.

ಅತಿ ದೊಡ್ಡ ಪಾಠ 1977ರ ಮಾರ್ಚ್ 27ರದ್ದು. ಸ್ಪೇನ್ ದೇಶಕ್ಕೆ ಸೇರಿದ ಕೆನರಿ ದ್ವೀಪಗಳಲ್ಲಿ ತೆನೆರಿಫ್ ಅನ್ನುವ ದ್ವೀಪ, ಅದರಲ್ಲಿ ಲಾಸ್ ರೋಡಿಯೋಸ್ ಅನ್ನುವ ಸಣ್ಣ ನಿಲ್ದಾಣ. ಒಂದೇ ಓಡುದಾರಿ, ಅದರ ಪಕ್ಕಕ್ಕೆ ಒಂದೇ ನಡೆದಾರಿ. ಆ ದಿನ ಪಕ್ಕದ ದ್ವೀಪದ ದೊಡ್ಡ ನಿಲ್ದಾಣದಲ್ಲಿ ಬಾಂಬು ಸಿಡಿದ ಕಾರಣ ಅಲ್ಲಿಗೆ ಹೋಗಬೇಕಿದ್ದ ದೊಡ್ಡ ವಿಮಾನಗಳೆಲ್ಲ ಇಲ್ಲಿಗೆ ತಿರುಗಿದವು. ನಿಲ್ಲಲು ಜಾಗ ಸಾಲದೆ ನಡೆದಾರಿಯ ಮೇಲೆಯೇ ನಿಂತವು. ಪ್ಯಾನ್ ಆಮ್ ಕಂಪನಿಯ 747 ಹೊರಡಲು ಸಿದ್ಧವಾಗಿತ್ತು. ಮುಂದೆ ನಿಂತ ಕೆಎಲ್ಎಂ ಕಂಪನಿಯ 747 ಇಂಧನ ತುಂಬಿಸಿಕೊಳ್ಳುತ್ತಿತ್ತು. ಪಕ್ಕದಿಂದ ದಾಟಲು ಸುಮಾರು ಹನ್ನೆರಡು ಅಡಿ ಜಾಗ ಕಡಿಮೆ ಬಿತ್ತು. ನಮ್ಮ ಎತ್ತಿನ ಗಾಡಿ ದಾಟಿಹೋಗುವಷ್ಟು ಜಾಗ.

ಅಷ್ಟರಲ್ಲಿ ಮಂಜು ಇಳಿಯಿತು. ನಡೆದಾರಿ ತುಂಬಿದ್ದರಿಂದ ಎರಡು ವಿಮಾನಗಳೂ ಓಡುದಾರಿಯ ಮೇಲೆಯೇ ನಡೆಯಬೇಕಾಯಿತು, ಒಂದರ ಹಿಂದೆ ಒಂದು. ಕೆಎಲ್ಎಂ ತುದಿಗೆ ಹೋಗಿ ತಿರುಗಿಕೊಂಡಿತು. ಹಿಂದೆ ಬರುತ್ತಿದ್ದ ಪ್ಯಾನ್ ಆಮ್‌ಗೆ ಮೂರನೆಯ ಕವಲಿನಲ್ಲಿ ಹೊರಗೆ ಹೋಗು ಅಂತ ಅಪ್ಪಣೆ. ಆ ಕವಲು ಹಿಂದಕ್ಕೆ ಮಡಚಿದಂಥ ಕಡಿದಾದ ತಿರುವು, 747ರಂಥ ಮೈಗೆ ತಿರುಗಲು ಬಹು ಕಷ್ಟ. ಅದು ಮಂಜಿನಲ್ಲಿ ನಾಲ್ಕನೆಯ ಕವಲಿನ ಕಡೆಗೆ ಸಾಗುತ್ತಿತ್ತು. ಕೆಎಲ್ಎಂ ಕ್ಯಾಪ್ಟನ್‌ಗೆ ಅವಸರ, ಕೆಲಸದ ಗಂಟೆಗಳ ಮಿತಿ ಮುಗಿಯುತ್ತಾ ಬಂದಿತ್ತು. ಹಾರಲು ಅಪ್ಪಣೆ ಸಿಗುವ ಮೊದಲೇ ಓಡಿಸಿದ. ಪಕ್ಕದಲ್ಲಿದ್ದ ಫ್ಲೈಟ್ ಇಂಜಿನಿಯರ್ 'ಆ ಪ್ಯಾನ್ ಆಮ್ ದಾರಿ ಬಿಟ್ಟು ಹೋಗಿಲ್ಲವೇನೋ' ಅನ್ನುವ ಅರ್ಥದಲ್ಲಿ ಕೇಳಿದ. ಕ್ಯಾಪ್ಟನ್ 'ಹೋಗಿದೆ' ಅಂದ. ಇಂಜಿನಿಯರ್ ಮತ್ತೆ ಬಾಯಿ ತೆರೆಯಲಿಲ್ಲ. 583 ಜನ ಸತ್ತರು. ವಿಮಾನಗಳ ಚರಿತ್ರೆಯಲ್ಲೇ ಅತಿ ದೊಡ್ಡ ಅಪಘಾತ ಆದದ್ದು ನೆಲದ ಮೇಲೆ, ಸಣ್ಣ ನಿಲ್ದಾಣದಲ್ಲಿ.

ಆ ಕ್ಯಾಪ್ಟನ್‌ಗೆ ಮಂಜಿನಲ್ಲಿ ಮುಂದಿನ ವಿಮಾನ ಕಾಣಲಿಲ್ಲ ಅನ್ನುವುದು ಸತ್ಯ. ಹಾಗಾದರೆ 'ನಂಗೆ ಕಾಣ್ಲಿಲ್ಲ' ಅನ್ನುವ ಮಾತು ಅವನಿಗೂ ಸಲ್ಲಬೇಕಲ್ಲ? ನನ್ನ ಬುದ್ಧಿಗೆ ಅದು ಸಲ್ಲುವುದಿಲ್ಲ. ಯಾಕೆ ಅಂದ್ರೆ ಕಾಣದೇ ಇರುವುದರಲ್ಲಿ ಎರಡು ಬಗೆ. ಒಂದು, ಕಾಣುತ್ತಿಲ್ಲ ಅನ್ನುವುದೇ ಗೊತ್ತಿಲ್ಲದಿರುವುದು. ಸಂತೆಯಲ್ಲಿ ಕಾಲು ತುಳಿದವನದ್ದು ಈ ಬಗೆ, ಹಿಂದೆ ಮಗು ಬಂದು ನಿಂತದ್ದು ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಎರಡನೆಯದು, ನನಗೆ ಕಾಣುತ್ತಿಲ್ಲ ಅಂತ ಚೆನ್ನಾಗಿ ಗೊತ್ತಿದ್ದೂ ಮುಂದೆ ಹೋಗುವುದು. ತನ್ನ ಕುರುಡು ಗೊತ್ತಿರುವವನಿಗೆ ಆ ತಿಳಿವೇ ಒಂದು ಕಣ್ಣು. ಆ ಕಣ್ಣು ಅವನಿಗೆ ಒಂದೇ ಮಾತು ಹೇಳುತ್ತದೆ, ನಿಲ್ಲು ಅಂತ. ಅದನ್ನು ಕೇಳದೆ ಹೋದವನು ಆಮೇಲೆ 'ಕಾಣಲಿಲ್ಲ' ಅಂದರೆ ಅದು ನೆಪ.

ಮಂಜು ದಿನವೂ ಇರುವುದಿಲ್ಲ, ಆದರೆ ದೊಡ್ಡತನ ದಿನವೂ ಇರುತ್ತದೆ. 2013ರ ಡಿಸೆಂಬರ್ 22ರ ರಾತ್ರಿ ಜೋಹಾನ್ಸ್‌ಬರ್ಗ್‌ನಲ್ಲಿ ಬ್ರಿಟಿಷ್ ಏರ್‌ವೇಸ್‌ನ 747 ಬಿ ಅನ್ನುವ ನಡೆದಾರಿ ಹಿಡಿಯಬೇಕಿತ್ತು, ಎಂ ಅನ್ನುವ ಕಿರಿದಾದ ದಾರಿಗೆ ಹೋಯಿತು. ಬಲರೆಕ್ಕೆ ಒಂದು ಕಟ್ಟಡದ ಗೋಡೆ ಸೀಳಿಕೊಂಡು ಒಳಗೆ ನುಗ್ಗಿತು. ವಿಮಾನದಲ್ಲಿದ್ದ ಇನ್ನೂರು ಜನರಿಗೆ ಏನೂ ಆಗಲಿಲ್ಲ. ಪೆಟ್ಟು ಬಿದ್ದದ್ದು ಕಟ್ಟಡದೊಳಗೆ ಕೆಲಸ ಮಾಡುತ್ತಾ ಕೂತಿದ್ದ ನಾಲ್ವರಿಗೆ, ಪುಣ್ಯಕ್ಕೆ ಸಣ್ಣ ಪೆಟ್ಟು. ಗಮನಿಸಿ, ದೊಡ್ಡದು ತನ್ನ ಅಂಚಿನಲ್ಲಿ ತಾಗುತ್ತದೆ, ತಾಗಿದ್ದು ನಡುವಿನಲ್ಲಿ ಕೂತವನಿಗೆ ತಿಳಿಯುವುದೂ ಇಲ್ಲ. ನೋವು ಅಂಚಿನಲ್ಲಿ ನಿಂತವನದ್ದು. 2012ರಲ್ಲೇ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಪೈಲಟ್‌ಗೆ ರೆಕ್ಕೆಯ ತುದಿ ಕಾಣದ ದೊಡ್ಡ ವಿಮಾನಗಳಿಗೆ ಕ್ಯಾಮೆರಾದಂಥ ಉಪಾಯ ಇಡಬೇಕು ಅಂತ ಶಿಫಾರಸು ಮಾಡಿತ್ತು. ಅಂದರೆ ಕಾಣುವುದಿಲ್ಲ ಅನ್ನುವ ಸಂಗತಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಕ್ಯಾಮೆರಾ ಇಲ್ಲದ ಕಡೆ ಇರುವ ಉಪಾಯ ಬಹಳ ಹಳೆಯದು, ಒಬ್ಬ ಮನುಷ್ಯ. ಇಕ್ಕಟ್ಟಿನ ಜಾಗದಲ್ಲಿ ರೆಕ್ಕೆಯ ಎರಡು ತುದಿಯಲ್ಲೂ ಒಬ್ಬೊಬ್ಬ ನಡೆದು ಬರುತ್ತಾನೆ, ಮುಂದೆ ಒಬ್ಬ ಕೈಯಲ್ಲಿ ಕೋಲು ಹಿಡಿದು ಸನ್ನೆ ಮಾಡುತ್ತಾನೆ. ಅವರ ಸಂಬಳ ಪೈಲಟ್‌ನ ಸಂಬಳದ ಪಕ್ಕ ಇಡುವ ಹಾಗಿಲ್ಲ. ಆದರೂ ಅವರು ಕೈ ಅಡ್ಡ ಹಿಡಿದರೆ ನೂರಾರು ಕೋಟಿಯ ಯಂತ್ರ ನಿಲ್ಲಲೇಬೇಕು.

ನಾನು ಹೊಸೂರಿನ ಸಿಪ್ಕಾಟ್‌ನ ಒಂದು ಕಾರ್ಖಾನೆಯಲ್ಲಿ ಸರಕು ಕಳಿಸುವ ವಿಭಾಗದಲ್ಲಿ ಬಹಳ ವರ್ಷ ಇದ್ದೆ. ಅಲ್ಲಿ ಒಂದು ದಿನ ಉದ್ದದ ಟ್ರೈಲರ್ ಹಿಂದಕ್ಕೆ ತೆಗೆಯಬೇಕಿತ್ತು. ಕ್ಲೀನರ್ ಹುಡುಗ ಟೀ ಕುಡಿಯಲು ಹೋಗಿದ್ದ. ಸೂಪರ್‌ವೈಸರ್ ಗೇಟಿನಿಂದ ಕೂಗುತ್ತಿದ್ದ, ಹಿಂದೆ ನಾಲ್ಕು ಲಾರಿ ಹಾರ್ನ್ ಹೊಡೆಯುತ್ತಿದ್ದವು. ಡ್ರೈವರ್ ಇಂಜಿನ್ ಆಫ್ ಮಾಡಿ ಕೂತುಬಿಟ್ಟ. 'ಹಿಂದೆ ನಂಗೆ ಕಾಣಲ್ಲ ಸಾ. ಕಾಣೋನು ಬರ್ಲಿ, ತೆಗೀತೀನಿ' ಅಂದ. ಹುಡುಗ ಬಂದ, ಸೀಟಿ ಊದಿದ, ಗಾಡಿ ಹಿಂದೆ ಬಂತು. ಐದು ನಿಮಿಷ ಹೋಯಿತು, ಅಷ್ಟೆ. ನೀತಿಯ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ 'ಕಾಣೋನು ಬರ್ಲಿ' ಅನ್ನುವುದಕ್ಕಿಂತ ಕಡಿಮೆ ಮಾತಿನಲ್ಲಿ ಹೆಚ್ಚು ಹೇಳಿದ್ದು ಕಾಣೆ. ವಿನಯ ಅಂದರೆ ತಲೆ ಬಗ್ಗಿಸುವುದು, ಮೆಲ್ಲಗೆ ಮಾತಾಡುವುದು ಅಂತ ನಾವು ತಿಳಿದಿದ್ದೇವೆ. ಆ ಡ್ರೈವರ್ ಮೆಲ್ಲಗೆ ಮಾತಾಡುವ ಆಸಾಮಿಯೇ ಅಲ್ಲ. ಅವನ ವಿನಯವೆಲ್ಲ ಬ್ರೇಕಿನ ಮೇಲಿಟ್ಟ ಕಾಲಿನಲ್ಲಿತ್ತು.

ಇಲ್ಲಿ ಓದುಗರು ಒಂದು ಮಾತು ಎತ್ತಬಹುದು. ಹಾಗಾದರೆ ಎಲ್ಲ ಭಾರವೂ ಸೀಟಿ ಊದುವ ಹುಡುಗನ ತಲೆಗೆ ಬಂತಲ್ಲ? ಅವನು ತಪ್ಪಾಗಿ ಸನ್ನೆ ಮಾಡಿದರೆ ದೊಡ್ಡವನು ಕೈ ತೊಳೆದುಕೊಳ್ಳಬಹುದಲ್ಲ? ಇದು ಸುಲಭದ ಮಾತಲ್ಲ. 2015ರ ಡಿಸೆಂಬರ್ 16ರಂದು ಮುಂಬೈಯಲ್ಲಿ ಏರ್ ಇಂಡಿಯಾ ವಿಮಾನವನ್ನು ಹಿಂದಕ್ಕೆ ತಳ್ಳಿದ ಮೇಲೆ, ನೆಲದ ಮೇಲಿದ್ದ ತಂತ್ರಜ್ಞರೊಬ್ಬರು ದೂರ ಸರಿಯುವ ಮೊದಲೇ, ಸನ್ನೆಯನ್ನು ತಪ್ಪಾಗಿ ತಿಳಿದ ಕಾರಣ ವಿಮಾನ ಚಲಿಸಿತು. ಇಂಜಿನ್ ಅವರನ್ನು ಎಳೆದುಕೊಂಡಿತು. ದೊಡ್ಡದರ ಕಣ್ಣಾಗಿ ನಿಂತವನೇ ದೊಡ್ಡದರ ಬಾಯಿಗೆ ಅತಿ ಹತ್ತಿರ ನಿಂತವನು. ಆದ್ದರಿಂದ ಕಣ್ಣನ್ನು ಸಾಲ ಪಡೆದವನ ಋಣ ಸನ್ನೆ ಮಾಡಿದವನನ್ನು ನಂಬಿದ ಮಾತ್ರಕ್ಕೆ ತೀರುವುದಿಲ್ಲ. ಸನ್ನೆ ಸ್ಪಷ್ಟವಾಗಿ ತಿಳಿಯಿತೇ ಅಂತ ನೋಡಿಕೊಳ್ಳುವುದು, ತಿಳಿಯದಿದ್ದರೆ ನಿಲ್ಲುವುದು, ನಿಲ್ಲಿಸಿದ್ದಕ್ಕೆ ಅವನ ಮೇಲೆ ರೇಗದಿರುವುದು, ಇವೂ ಅದರಲ್ಲಿ ಸೇರಿವೆ. ತೆನೆರಿಫ್‌ನ ಇಂಜಿನಿಯರ್ ಎರಡನೆಯ ಸಲ ಕೇಳಲಿಲ್ಲ. ಒಂದು ಸಲ ಬಾಯಿ ಮುಚ್ಚಿಸಿದರೆ ಸಣ್ಣವನು ಎರಡನೆಯ ಸಲ ಕೇಳುವುದಿಲ್ಲ ಅನ್ನುವುದು ನಮಗೆಲ್ಲ ಮನೆಯಲ್ಲೇ ಗೊತ್ತಿರುವ ವಿಷಯ.

ಇನ್ನು ಸಣ್ಣ ಜಾಗದ ಕರ್ತವ್ಯ. ನಮ್ಮ ಜನಕ್ಕೆ 'ಬನ್ನಿ, ಬನ್ನಿ, ಜಾಗ ಆಗ್ತದೆ' ಅನ್ನುವುದು ರಕ್ತದಲ್ಲೇ ಬಂದಿದೆ. ಹತ್ತು ಜನ ಕೂರುವ ಹಜಾರಕ್ಕೆ ಇಪ್ಪತ್ತು ಜನರನ್ನು ಕರೆಯುತ್ತೇವೆ. ಜನರ ವಿಷಯದಲ್ಲಿ ಇದು ಒಳ್ಳೆಯ ಗುಣ. ಆದರೆ ಆನೆಯನ್ನು ಕರೆಯುವಾಗ ಬಾಗಿಲು ಅಳೆದು ಹೇಳಬೇಕು. ನಮ್ಮಲ್ಲಿ ಇಷ್ಟೇ ಅಗಲ ಇದೆ, ಇಷ್ಟೇ ಭಾರ ತಡೆಯುತ್ತದೆ ಅನ್ನುವುದರಲ್ಲಿ ಅವಮಾನವಿಲ್ಲ. ಸಿ ದರ್ಜೆಯ ನಿಲ್ದಾಣ ತಾನು ಸಿ ಅಂತ ಬರೆದುಕೊಂಡಿರುವುದರಿಂದಲೇ ಅಲ್ಲಿಗೆ ಬಂದವರು ಬದುಕಿ ಹೋಗುತ್ತಾರೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆಯನ್ನು ನಾವು ಯಾವಾಗಲೂ ಬಡವನಿಗೇ ಹೇಳುತ್ತೇವೆ, ನೋಡಿ. ದೊಡ್ಡವರಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ಬೋಯಿಂಗ್ ಕಂಪನಿ ಅದನ್ನು ತನಗೆ ತಾನೇ ಹೇಳಿಕೊಂಡಂತಿದೆ. 777ಎಕ್ಸ್ ಅನ್ನುವ ಅವರ ಹೊಸ ವಿಮಾನದ ರೆಕ್ಕೆ ಬಿಚ್ಚಿದರೆ ಸುಮಾರು 72 ಮೀಟರ್ ಅಗಲ. ಹಾಗೇ ಬಂದರೆ ಎಫ್ ದರ್ಜೆಯ ಜಾಗ ಬೇಕು, ಅದು ಬಹಳ ಕಡೆ ಇಲ್ಲ. ಅದಕ್ಕೇ ರೆಕ್ಕೆಯ ತುದಿ ಮೇಲಕ್ಕೆ ಮಡಚುವ ಹಾಗೆ ಮಾಡಿದ್ದಾರೆ. ಮಡಚಿದರೆ 65ರ ಒಳಗೆ ಬಂದು ಇ ದರ್ಜೆಯಲ್ಲಿ ಕೂರುತ್ತದೆ. ಆಕಾಶದಲ್ಲಿ ಪೂರ್ತಿ ಚಾಚು, ನೆಲಕ್ಕೆ ಬಂದಾಗ ಮಡಚಿಕೋ. ಲಾಭಕ್ಕಾಗಿಯೇ ಮಾಡಿದ್ದು, ಇರಲಿ. ದೊಡ್ಡದಾಗಿ ಹುಟ್ಟಿದ್ದು ಪಾಪವಲ್ಲ, ಚಿಕ್ಕ ಜಾಗಕ್ಕೆ ಬಂದಾಗಲೂ ಮಡಚಲಾರೆ ಅನ್ನುವುದೇ ಪಾಪ ಅಂತ ಆ ಯಂತ್ರ ನೋಡಿದರೆ ಅನಿಸುತ್ತದೆ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮ ಸೀಮೆಗೇ ಒಂದು ದೊಡ್ಡದು ಬರುವ ಮಾತು ನಡೆದಿದೆ. 2024ರ ಜೂನ್ 27ರಂದು ಮುಖ್ಯಮಂತ್ರಿ ಸ್ಟಾಲಿನ್ ಅವರು ವಿಧಾನಸಭೆಯಲ್ಲಿ ಹೊಸೂರಿಗೆ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಬರುತ್ತದೆ, 2,000 ಎಕರೆಯಲ್ಲಿ, ವರ್ಷಕ್ಕೆ 3 ಕೋಟಿ ಪ್ರಯಾಣಿಕರಿಗೆ ಅಂತ ಪ್ರಕಟಿಸಿದರು. ಬೆಂಗಳೂರು ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರ್ ಒಳಗೆ 2033ರ ತನಕ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಬರಬಾರದು ಅನ್ನುವ ಮಾತಿದೆ, ಅದರ ಚರ್ಚೆಯೂ ನಡೆಯುತ್ತಿದೆ. ಟೀ ಅಂಗಡಿಯಲ್ಲಿ ಒಬ್ಬ 'ನಮ್ ಮಕ್ಳಿಗೆ ಕೆಲ್ಸ ಸಿಗ್ತದೆ ಬುಡಪ್ಪ' ಅಂತಾನೆ. ಪಕ್ಕದವನು 'ಕೆಲ್ಸ ಸಿಗ್ತದೆ, ನೆಲ ಎಲ್ಲೈತೆ?' ಅಂತಾನೆ. ಇಬ್ಬರ ಮಾತೂ ನ್ಯಾಯವಾದದ್ದೇ. ನಿಲ್ದಾಣ ಬೇಕು ಅನ್ನುವವರ ಪಕ್ಷವೂ ಬೇಡ ಅನ್ನುವವರ ಪಕ್ಷವೂ ನನ್ನದಲ್ಲ. ಆದರೆ ಎರಡು ಸಾವಿರ ಎಕರೆಯ ರೆಕ್ಕೆಗೂ ತುದಿ ಇರುತ್ತದೆ. ಚೆನ್ನೈಯಲ್ಲಿ ಕೂತು ನಕ್ಷೆ ಬರೆಯುವವರಿಗೆ ಆ ತುದಿ ಕಾಣುವುದಿಲ್ಲ. ಅವರ ಕೆಟ್ಟತನ ಅಂತ ಹೇಳುತ್ತಿಲ್ಲ, ಅವರು ಕೂತ ಜಾಗ ಅಂಥದ್ದು. ಅಲ್ಲಿ ಒಬ್ಬರ ಬಾವಿ ಇರುತ್ತದೆ, ಒಂದು ಗುಲಾಬಿ ತೋಟ ಇರುತ್ತದೆ, ಊರಿನ ಮಾರಮ್ಮನ ಗುಡಿ, ಕೆರೆಗೆ ನೀರು ತರುವ ಒಂದು ಹಳ್ಳ ಇರುತ್ತದೆ. ಕಾಣುವುದಿಲ್ಲ ಅಂತ ಅವರಿಗೆ ಗೊತ್ತಿದೆ. ಗೊತ್ತಿದ್ದ ಮೇಲೆ 'ಕಾಣೋನು ಬರ್ಲಿ' ಅನ್ನುವುದು ಅವರ ಪಾಲಿನ ಕೆಲಸ. ಕರೆದಾಗ ಹೋಗಿ, ಇದ್ದದ್ದನ್ನು ಇದ್ದಷ್ಟೇ ಅಳತೆಯಲ್ಲಿ, ಹೆಚ್ಚೂ ಮಾಡದೆ ಕಡಿಮೆಯೂ ಮಾಡದೆ ಹೇಳುವುದು ನಮ್ಮ ಪಾಲಿನದು.

ಕಡೆಗೆ ಒಂದು ಪದದ ವಿಚಾರ ಹೇಳಿ ಮುಗಿಸುತ್ತೇನೆ. ಹೊಸೂರಿನ ಚಂದ್ರಚೂಡೇಶ್ವರನ ತೇರು ಎಳೆಯುವಾಗ ಸಾವಿರ ಜನ ಹಗ್ಗ ಹಿಡಿದಿರುತ್ತಾರೆ. ಚಕ್ರದ ಪಕ್ಕದಲ್ಲಿ ಮಾತ್ರ ನಾಲ್ಕೈದು ಜನ ಮರದ ಬೆಣೆ ಹಿಡಿದು ಬಗ್ಗಿ ನಡೆಯುತ್ತಿರುತ್ತಾರೆ. ತೇರು ಬೀದಿಯ ಮನೆ ಕಡೆಗೆ ವಾಲಿದರೆ ಚಕ್ರಕ್ಕೆ ಬೆಣೆ ಕೊಟ್ಟು ತಿರುಗಿಸುವವರು ಅವರೇ, ನಿಲ್ಲಿಸುವವರೂ ಅವರೇ. ನಿಂತ ವಿಮಾನದ ಚಕ್ರಕ್ಕೂ ಅಂಥದ್ದೇ ಬೆಣೆ ಇಡುತ್ತಾರೆ. ಆ ಬೆಣೆಗೆ ತಮಿಳಿನಲ್ಲಿ ಮುಟ್ಟುಕ್ಕಟ್ಟೈ ಅಂತ ಹೆಸರು. ಅದೇ ತಮಿಳಿನಲ್ಲಿ 'ಮುಟ್ಟುಕ್ಕಟ್ಟೈ ಹಾಕ್ತಾನೆ' ಅಂದರೆ ಒಳ್ಳೆಯ ಕೆಲಸಕ್ಕೆ ಅಡ್ಡಿ ಮಾಡುತ್ತಾನೆ ಅಂತ ಬೈಗುಳ. ಗ್ರಾಮಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದವನಿಗೆ ಈ ಮಾತು ಬೀಳುವುದನ್ನು ನಾವೆಲ್ಲ ಕೇಳಿದ್ದೇವೆ. ಎರಡು ಅರ್ಥವೂ ಒಂದೇ ಪದದಲ್ಲಿವೆ. ಇನ್ನು ಮೇಲೆ ಯಾರಾದರೂ ಹಾಗೆ ಅಂದಾಗ, ಯಾವ ಅರ್ಥದಲ್ಲಿ ಅಂತ ಅವರನ್ನೇ ಕೇಳಿ.